ಉಂಗುರ ಹಾಕಿದ ಳ

ಮೊನ್ನೆ ಗಂಗಾವತಿಯ ಔಷಧಿ ಅಂಗಡಿಯೊಂದರಲ್ಲಿ ಸೊಳ್ಳೆ ಓಡಿಸುವ ಎಣ್ಣೆ ಕೇಳಿದೆ. ಅಂಗಡಿಯ ಹುಡುಗಿ ಒಂದು ಶೀಶೆಯ ಮುಚ್ಚಳ ತಿರುವಿ, "ವಾಸನಿ ನೋಡ್ರಿ ಮೇಡಂ, ತಲಿನೋವು ಬರಂಗಿಲ್ಲ" ಎಂದು ಮೂಗಿನ ಹತ್ತಿರ ಹಿಡಿದಳು. ನಿಂಬೆಹುಲ್ಲಿನ ಎಣ್ಣೆ. ಒಂದೇ ಉಸಿರು ಎಳೆದುಕೊಂಡೆ ಅಷ್ಟೆ. ಅಕ್ಕಿ ಲಾರಿಗಳ ಹಾರ್ನು, ಬಜಾರಿನ ಗದ್ದಲ ಎಲ್ಲ ದೂರ ಸರಿದು, ನಾನು ಬೇವೂರಿನ ಒಂದು ಪಡಸಾಲೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ, ಭೂತಗನ್ನಡಿ ಹಿಡಿದು, ಓಲೆಗರಿಯ ಮೇಲಿನ ಒಂದು ಅಕ್ಷರವನ್ನು ನೋಡುತ್ತಿದ್ದೆ.

ಕೊಪ್ಪಳ ಹೊಸ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದ ಕಾಲ ಅದು. ನನಗೆ ಕುಷ್ಟಗಿಯ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ವಾರವೆಲ್ಲ ಕುಷ್ಟಗಿಯ ಬಾಡಿಗೆ ಕೋಣೆಯಲ್ಲಿ ಇರುವುದು, ಶನಿವಾರ ಮಧ್ಯಾಹ್ನ ತಾವರಗೇರಾ ಮೇಲೆ ಹೋಗುವ ಬಸ್ಸು ಹಿಡಿದು ಗಂಗಾವತಿಯ ನಮ್ಮ ಮನೆಗೆ ಹೋಗುವುದು. ಕುಷ್ಟಗಿಯ ಕಡೆ ಮಳೆಗಾಗಿ ಬಾಯಿ ಬಿಡುವ ಕೆಂಪು ಹೊಲ. ಗಂಗಾವತಿ ಹತ್ತಿರವಾದಂತೆ ಕಾಲುವೆ ನೀರು, ಭತ್ತದ ಗದ್ದೆ, ತೆಲುಗು ಮಾತಾಡುವ ಕ್ಯಾಂಪುಗಳು. ವಾರಕ್ಕೊಮ್ಮೆ ನಾನು ಎರಡು ಲೋಕಗಳ ನಡುವೆ ಓಡಾಡುತ್ತಿದ್ದೆ.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಕನ್ನಡದ ಗವಿಸಿದ್ದಪ್ಪ ಸರ್ ಅವರದು. ಐವತ್ತರ ಹತ್ತಿರದ ಮನುಷ್ಯ, ಬಿಳಿ ಪ್ಯಾಂಟು, ಜೇಬಿನಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ವರ್ಷಾನುಗಟ್ಟಲೆಯಿಂದ ಅವರು ಒಂದೇ ಕಾವ್ಯದ ಬೆನ್ನು ಹತ್ತಿದ್ದರು. ನಮ್ಮ ಸೀಮೆಯ ಒಬ್ಬ ಶರಣನ ಚರಿತೆ, ಷಟ್ಪದಿಯಲ್ಲಿ ಬರೆದದ್ದು, ಎಲ್ಲೂ ಅಚ್ಚಾಗಿಲ್ಲ. ಅದರ ಮೊದಲ ಅರ್ಧದ ಓಲೆಗರಿ ಕಟ್ಟು ತಾವರಗೇರಾದ ಕಿರಾಣಿ ಅಂಗಡಿಯ ಶರಣಪ್ಪನವರ ಮನೆಯಲ್ಲಿತ್ತು. ಉಳಿದ ಅರ್ಧ ಬೇವೂರಿನ ನೀಲಮ್ಮನವರ ಮನೆಯ ದೇವರ ಜಗಲಿಯ ಮೇಲೆ. ಕಾವ್ಯವನ್ನು ಶುದ್ಧವಾಗಿ ಸಂಪಾದಿಸಿ ಪಿಎಚ್.ಡಿ.ಗೆ ಕೊಡಬೇಕೆಂಬುದು ಸರ್ ಅವರ ಆಸೆ.

ಆ ವರ್ಷದ ಮುಂಗಾರಿನಲ್ಲಿ ಅವರ ಆಸೆಗೆ ಪೆಟ್ಟು ಬಿತ್ತು. ವಿಶ್ವವಿದ್ಯಾಲಯದ ಅವರ ಮಾರ್ಗದರ್ಶಕರು ಎರಡೂ ಕಟ್ಟುಗಳ ಕೆಲವು ಗರಿಗಳ ಫೋಟೋ ನೋಡಿ, "ಇವು ಎರಡು ಕೈ. ಮೊದಲನೆಯವ ಪಂಡಿತ. ಎರಡನೆಯವನಿಗೆ ಅಕ್ಷರಾನೇ ನೆಟ್ಟಗ ಬರಂಗಿಲ್ಲ, ಕೆಲವನ್ನ ತಿರುಗಾ ಮುರುಗಾ ಬರದಾನ. ಇಂಥಾ ಪ್ರತಿ ನಂಬಿ ಪಾಠ ಕಟ್ಟಬ್ಯಾಡ್ರಿ, ಬಿಟ್ಟುಬಿಡ್ರಿ" ಎಂದಿದ್ದರಂತೆ.

"ಅದನ್ನ ಬಿಟ್ರ ನನ್ನ ಹತ್ರ ಏನ್ ಉಳೀತೈತಿ ಮೇಡಂ?" ಸರ್ ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದು ಕೇಳಿದರು. "ಶರಣ ಮನಿ ಬಿಟ್ಟು ಹೊಂಟಲ್ಲಿಗೆ ಕತಿ ನಿಂತ್ಹೋಗತೈತಿ. ಎಲ್ಲಿಗೆ ಹೋದ, ಏನಾದ, ಏನೂ ಇಲ್ಲ."

ಅದೇ ವಾರ ನಾನು ಎಂ.ಎ. ತರಗತಿಯ ಹಳೆಯ ಟಿಪ್ಪಣಿಗಳ ನಡುವೆ ಒಂದು ಝೆರಾಕ್ಸ್ ಲೇಖನ ಹುಡುಕಿ ತೆಗೆದೆ. ನಮಗೆ ಹಳೆಯ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಕೊಟ್ಟದ್ದು. ಮುದ್ರಣ ಬರುವ ಮೊದಲು ಇಂಗ್ಲೆಂಡಿನಲ್ಲಿ ಪುಸ್ತಕಗಳನ್ನು ಕೈಯಿಂದ ನಕಲು ಮಾಡುತ್ತಿದ್ದ ಲಿಪಿಕಾರರ ಬಗ್ಗೆ. ಅವರಲ್ಲಿ ಹೆಚ್ಚಿನವರು ತಮ್ಮ ಹೆಸರು ಬರೆಯುತ್ತಿರಲಿಲ್ಲ. ಆದರೂ ಅವರನ್ನು ಗುರುತಿಸಬಹುದು: ಒಬ್ಬನ g ಎಂಟರ ಅಂಕಿಯ ಹಾಗೆ ಎರಡು ಹೊಟ್ಟೆಯದು, ಇನ್ನೊಬ್ಬನ y ಬಾಲ ಬಲಕ್ಕೆ ಹೊರಳುತ್ತದೆ, ಮತ್ತೊಬ್ಬನ r ಸಾಲಿನ ಕೆಳಗೆ ಕಾಲು ಚಾಚುತ್ತದೆ. ಒಂದು ಅಕ್ಷರ ನೋಡಿ ಏನೂ ಹೇಳಲಾಗದು, ಆದರೆ ನಾಲ್ಕಾರು ಅಕ್ಷರಗಳ ಚಾಳಿ ಒಟ್ಟಿಗೆ ಸಿಕ್ಕರೆ ಎರಡು ಬೇರೆ ಬೇರೆ ಪುಸ್ತಕಗಳು ಒಬ್ಬನದೇ ಕೈಯಿಂದ ಬಂದದ್ದು ಎಂದು ಹೇಳಬಹುದು. ಪರೀಕ್ಷೆಗಾಗಿ ಓದಿ ಮರೆತಿದ್ದ ಲೇಖನ. ಈಗ ಓದುತ್ತ ಕೂತರೆ ಮೈಯೆಲ್ಲ ಜುಂ ಅಂದಿತು.

"ಸರ್, ನಾವೂ ಹಿಂಗ ನೋಡೋಣ್ರಿ. ಪ್ರೊಫೆಸರ್ ಫೋಟೋ ನೋಡ್ಯಾರ. ನಾವು ಅಕ್ಷರ ಅಕ್ಷರ ನೋಡೋಣು."

"ಇಂಗ್ಲಿಷಿನವ್ರ ದವಾಖಾನಿ ಔಷಧಿ ನಮ್ಮ ಕನ್ನಡಕ್ಕ ಹತ್ತತೈತೇನು ಮೇಡಂ?" ಅಂದರು ಸರ್. ಅಂದವರೇ ಮರುದಿನ ಟ್ರೇಸಿಂಗ್ ಕಾಗದದ ಸುರುಳಿ ತಂದು ನನ್ನ ಮೇಜಿನ ಮೇಲಿಟ್ಟರು.

ಮೊದಲು ತಾವರಗೇರಾ. ಶರಣಪ್ಪನವರ ಅಂಗಡಿಯ ಹಿಂದಿನ ಕೋಣೆಯಲ್ಲಿ, ಶೇಂಗಾ ಚೀಲಗಳ ನಡುವೆ ಕೂತು, ಮೊದಲ ಕಟ್ಟಿನ ಗರಿಗಳನ್ನು ಒಂದೊಂದಾಗಿ ಬಿಚ್ಚಿದೆವು. ಎಂಥ ಅಕ್ಷರ! ಬಲಕ್ಕೆ ತುಸು ವಾಲಿದ, ಒಂದೇ ಎತ್ತರದ ಸಾಲುಗಳು, ಮುತ್ತು ಪೋಣಿಸಿದ ಹಾಗೆ. ಉಕ್ಕಿನ ಕಂಟದಿಂದ ಗರಿಯನ್ನು ಕೊರೆದು, ಮೇಲೆ ಮಸಿ ಉಜ್ಜಿ ಅಕ್ಷರ ಕಾಣಿಸುವಂತೆ ಮಾಡುವುದು ಆಗಿನ ಪದ್ಧತಿ. ಇವನ ಕೊರೆತದಲ್ಲಿ ಒಂದು ನಡುಕವಿಲ್ಲ. ಒಂದು ಚಾಳಿ ಮಾತ್ರ ಎದ್ದು ಕಾಣುತ್ತಿತ್ತು. ಳ ಬರೆದಾಗಲೆಲ್ಲ ಬಾಲವನ್ನು ಮೇಲಕ್ಕೆತ್ತಿ ಪುಟ್ಟ ಉಂಗುರ ಮಾಡಿ ಮುಗಿಸುತ್ತಿದ್ದ. ಅದಕ್ಕೇನೂ ಅವಶ್ಯಕತೆ ಇರಲಿಲ್ಲ, ಸುಮ್ಮನೆ ಅವನ ಖುಷಿಗೆ.

ಮುಂದಿನ ಭಾನುವಾರ ಬೇವೂರು. ಗಾಳಿ ಹೊಲದ ಮಣ್ಣನ್ನು ಎತ್ತಿ ಮುಖಕ್ಕೆ ಎರಚುತ್ತಿತ್ತು. ನೀಲಮ್ಮನವರು ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತು ದಾಟಿದ, ನೆಟ್ಟನೆ ನಿಲ್ಲುವ ಹೆಂಗಸು. ಹೊಲ ಮನೆ ಎರಡರಲ್ಲೂ ಅವರದೇ ಹುಕುಂ. ಸರ್ ನನ್ನ ಪರಿಚಯ ಹೇಳಿದರು.

"ನಾ ಮುಟ್ಟಬಹುದೇನ್ರಿ ಯವ್ವಾ?" ಅಂದೆ.

"ಕೈ ತೊಳಕೊಂಡು ಮುಟ್ರಿ ಅಕ್ಕೋರ. ಯಾರಾದ್ರೂ ಅಷ್ಟ, ನನ್ನ ಮಗಾ ಆದ್ರೂ ಅಷ್ಟ. ಆದ್ರ ಅದು ಹೊಸ್ತಿಲಾ ದಾಟಂಗಿಲ್ಲ. ನಮ್ಮ ಮಾವ ಹೇಳಿ ಸತ್ತಾರ, ಬರದಾಂವ ಇದ ಮನ್ಯಾಗ ಉಂಡು ಇದ ಮನ್ಯಾಗ ತೀರಿಕೊಂಡಾನಂತ. ಅಂವ ಯಾರು, ಏನು, ಒಬ್ಬರಿಗೂ ಗೊತ್ತಿಲ್ಲ."

ಹತ್ತಿಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚಿ ಗರಿಗಳನ್ನು ಒರೆಸಿದೆವು. ಪಡಸಾಲೆ ತುಂಬ ಆ ವಾಸನೆ. ಆದರೆ ಅಕ್ಷರ ಕಂಡಂತೆಲ್ಲ ನನ್ನ ಉತ್ಸಾಹ ಇಳಿಯುತ್ತ ಬಂತು. ಸಾಲುಗಳು ಎಡಕ್ಕೆ ವಾಲಿದ್ದವು. ಅಕ್ಷರ ದಪ್ಪ, ಒಂದೊಂದು ಕಡೆ ಕಂಟ ಗರಿಯನ್ನೇ ಸೀಳಿಬಿಟ್ಟಿತ್ತು. ಕೆಲವು ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿದ್ದವು. ಮೊದಲ ಕಟ್ಟು ಎಲ್ಲಿ ಮುಗಿದಿತ್ತೋ ಅಲ್ಲಿಂದ ಮುಂದಿನ ಕೆಲವು ಗರಿಗಳನ್ನಷ್ಟೇ ನಾವು ತೆಗೆದುಕೊಂಡಿದ್ದೆವು, ಅವುಗಳಲ್ಲಿ ಳ ಬಾಲಕ್ಕೆ ಒಂದು ಗೀರು ಮಾತ್ರ. ಉಂಗುರವಿಲ್ಲ.

ಟ್ರೇಸಿಂಗ್ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಯಾವ ಅಕ್ಷರವೂ ಯಾವುದರ ಮೇಲೂ ಕೂರಲಿಲ್ಲ.

"ಸರ್, ಪ್ರೊಫೆಸರ್ ಹೇಳಿದ್ದು ಖರೆ ಕಾಣತೈತ್ರಿ," ಅಂದೆ.

ಅವರು ಕಾಗದಗಳನ್ನು ಸುರುಳಿ ಸುತ್ತಿಕೊಂಡರು. ಬಸ್ಸಿನಲ್ಲಿ ಕುಷ್ಟಗಿವರೆಗೂ ಕಿಟಕಿಯ ಆಚೆ ಸಜ್ಜೆಯ ಹೊಲ ನೋಡುತ್ತ ಕೂತರು. ಇಳಿಯುವಾಗ ಮಾತ್ರ, "ನೀವು ಇಷ್ಟು ಮಾಡಿದ್ರಲ್ಲ, ಅದ ದೊಡ್ಡದು" ಅಂದರು.

ಮಳೆ ನಿಂತು ಹಿಂಗಾರಿ ಬಿತ್ತನೆಗೆ ಜನ ಕೂರಿಗೆ ಹೊರತೆಗೆಯುವ ಹೊತ್ತಿಗೆ ನಮ್ಮ ಅಬ್ಬಾಗೆ ಲಕ್ವಾ ಹೊಡೆಯಿತು. ಅಬ್ಬಾ ಗಂಗಾವತಿಯ ಬೋರ್ಡ್ ಪೇಂಟರ್. ರೈಸ್ ಮಿಲ್ಲು, ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಬಜಾರಿನ ಅರ್ಧ ಬೋರ್ಡುಗಳು ಅವರ ಕೈಯವು. ಕನ್ನಡ, ಉರ್ದು, ತೆಲುಗು, ಇಂಗ್ಲಿಷ್ ಯಾವುದು ಕೊಟ್ಟರೂ ಸೈ. ನಾನು ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಅವರ ಏಣಿಯ ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಂತು. ಅಂಥವರ ಬಲಗೈ ಜೋಲು ಬಿತ್ತು. ಮಾತು ಉಳಿದಿತ್ತು, ಸ್ವಲ್ಪ ಎಳೆದೆಳೆದು. ಆದರೆ ಅವರು ಮಾತಾಡುತ್ತಿರಲಿಲ್ಲ. ಕುಂಚಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಅಮ್ಮಿಗೆ ಹೇಳಿದ್ದರಂತೆ.

ಡಾಕ್ಟರು ಎಡಗೈಯಿಂದ ಏನಾದರೂ ಮಾಡಿಸಿ ಎಂದಿದ್ದರು. ನಾನು ಒಂದು ಪಾಟಿ, ಬಳಪ ತಂದುಕೊಟ್ಟೆ. ಮೊದಲ ವಾರ ಬಳಪ ಗೋಡೆಗೆ ಹೋಗಿ ಬಡಿಯಿತು. ಎರಡನೆಯ ವಾರ ಪಾಟಿ ಮಂಚದ ಕೆಳಗೆ ಸೇರಿತು. ಮೂರನೆಯ ಸಲ ನಾನು ಪಾಟಿಯನ್ನು ಅವರ ತೊಡೆಯ ಮೇಲಿಟ್ಟು, "ಬೇರೆ ಏನೂ ಬೇಡ ಅಬ್ಬಾ, ನನ್ನ ಹೆಸರು ಬರೆಯಿರಿ. ನೀವು ಇಟ್ಟ ಹೆಸರು" ಅಂದೆ.

ನನ್ನ ಮುಖ ನೋಡಿದರು. ಆಮೇಲೆ ಎಡಗೈಯಲ್ಲಿ ಬಳಪ ಹಿಡಿದು, ನಾಲಿಗೆ ಕಚ್ಚಿಕೊಂಡು, ಚಿಕ್ಕ ಹುಡುಗರ ಹಾಗೆ ಪಾಟಿಯ ಮೇಲೆ ಬಾಗಿದರು. ಶಾ. ಹಿ. ದಾ. ಅಕ್ಷರಗಳು ಎಡಕ್ಕೆ ಬಿದ್ದುಹೋಗುವಂತೆ ವಾಲಿದ್ದವು. ಬಳಪ ಒತ್ತಿ ಒತ್ತಿ ಎರಡು ಕಡೆ ಮುರಿಯಿತು. ದ ಪೂರ್ತಿ ತಿರುಗಿ ನಿಂತಿತ್ತು. ಅಬ್ಬಾ ಅದನ್ನೇ ದಿಟ್ಟಿಸಿ ನೋಡಿ, ಲಕ್ವಾ ಹೊಡೆದ ಮೇಲೆ ಮೊದಲ ಸಲ ನಕ್ಕರು.

"ಇದೇನು ಬೇಟಾ, ಕನ್ನಡಿ ಒಳಗಿನ ದಾ ಹೊರಗೆ ಬಂತು!"

ನಾನೂ ನಗುತ್ತಿದ್ದೆ. ನಗುತ್ತಲೇ ನನ್ನ ಕಣ್ಣು ಹಿ ಮೇಲೆ ನಿಂತಿತು. ಅದರ ಗುಡಿಸಿನ ತುದಿಯನ್ನು ಅಬ್ಬಾ ಯಾವಾಗಲೂ ಹಕ್ಕಿಯ ಕೊಕ್ಕಿನ ಹಾಗೆ ತುಸು ಬಾಗಿಸುತ್ತಿದ್ದರು. ಗಂಗಾವತಿ ಎಂದು ಬರೆದ ಅವರ ಪ್ರತಿ ಬೋರ್ಡಿನ ತಿ ಮೇಲೆ ಆ ಕೊಕ್ಕು ಇದೆ. ಈ ಮುರುಕು ಅಕ್ಷರದ ಮೇಲೂ ಇತ್ತು. ಕೈ ಬೇರೆ, ವಾಲಿದ ದಿಕ್ಕು ಬೇರೆ, ಆದರೆ ಕೊಕ್ಕು ಅದೇ.

ಎಡಕ್ಕೆ ವಾಲಿದ ಸಾಲು. ವಿಪರೀತ ಒತ್ತು. ಕನ್ನಡಿಯ ಅಕ್ಷರ.

"ಯಾ ಅಲ್ಲಾ!" ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಅಮ್ಮಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. ನಾನು ಅಬ್ಬಾನ ಎಡಗೈಗೆ ಮುತ್ತಿಟ್ಟು, ಚಪ್ಪಲಿ ಸಿಕ್ಕಿಸಿಕೊಂಡು ಎಸ್‌ಟಿಡಿ ಬೂತಿಗೆ ಓಡಿದೆ.

"ಸರ್! ಬೇವೂರಿನ ಕಟ್ಟಿನ ಅಕ್ಷರ ತಿರುಗಾ ಮುರುಗಾ ಇದ್ದಿದ್ದು ಅಕ್ಷರ ಬರಲಾರದ್ದಕ್ಕಲ್ರಿ! ಅಂವ ಎಡಗೈಲೆ ಬರದಾನ! ಅದ ಮನುಷ್ಯಾ ಸರ್, ಬಲಗೈಗೆ ಏನೋ ಆಗಿ ಎಡಗೈಲೆ ಬರದಾನ!"

ಆ ಕಡೆ ಟ್ರೇಸಿಂಗ್ ಕಾಗದದ ಸುರುಳಿ ಬಿಚ್ಚುವ ಸದ್ದು ಕೇಳಿತು.

"ಮೇಡಂ," ಅಂದರು ಸರ್, "ನಾವು ಬರೇ ಮೊದಲಿನ ಗರಿ ನೋಡಿವಿ. ಕಡೀ ಗರಿಯೊಳಗ ಅಕ್ಷರದ ಚಾಳಿ ನೋಡೇ ಇಲ್ಲ. ಎಡಗೈಲೆ ಬರೀತಾ ಬರೀತಾ ಅಂವಗ ರೂಢಿ ಆಗಿರಬೇಕಲ್ಲ?"

ಮರುದಿನ ಬೆಳಿಗ್ಗೆ ನಾನು ಗಂಗಾವತಿಯಿಂದ, ಅವರು ಕುಷ್ಟಗಿಯಿಂದ ಬೇವೂರಿಗೆ ಬಂದೆವು. ನೀಲಮ್ಮನವರು ಕಟ್ಟು ಇಳಿಸಿ ಕೊಟ್ಟರು. ಈ ಸಲ ಹಿಂದಿನಿಂದ ಬಿಚ್ಚಿ, ಅದೇ ಎಣ್ಣೆ ಹಚ್ಚಿ ಒರೆಸಿದೆವು. ನಾನು ಚಾಪೆಯ ಮೇಲೆ ಬೋರಲು ಮಲಗಿ ಭೂತಗನ್ನಡಿ ಹಿಡಿದೆ. ಕೊನೆಯ ಗರಿಗಳಲ್ಲಿ ಸಾಲು ಇನ್ನೂ ಎಡಕ್ಕೇ ವಾಲಿತ್ತು, ಆದರೆ ನೆಟ್ಟಗಿತ್ತು. ಒತ್ತು ಹದಕ್ಕೆ ಬಂದಿತ್ತು. ಕನ್ನಡಿಯ ಅಕ್ಷರ ಒಂದೂ ಇರಲಿಲ್ಲ. ಮತ್ತು ಳ. ಬಾಲ ಮೇಲಕ್ಕೆದ್ದು, ಸ್ವಲ್ಪ ನಡುಗಿ, ಸುತ್ತಿ ಬಂದು, ಪುಟ್ಟ ಉಂಗುರವಾಗಿ ಮುಚ್ಚಿಕೊಂಡಿತ್ತು.

"ಸರ್, ಉಂಗುರ ಐತಿ."

ಅವರು ಭೂತಗನ್ನಡಿ ಕಸಿದುಕೊಂಡರು. ನೋಡಿದರು. ಮತ್ತೊಂದು ಗರಿ. ಅಲ್ಲೂ ಇತ್ತು. ಹಿಂದಕ್ಕೆ ಹಿಂದಕ್ಕೆ ಹೋದೆವು: ಉಂಗುರ ಅರ್ಧವಾಯಿತು, ಆಮೇಲೆ ಬರೀ ಕೊಕ್ಕೆಯಾಯಿತು, ನಾವು ಮೊದಲು ನೋಡಿದ್ದ ಗರಿಗಳಿಗೆ ಬಂದಾಗ ಗೀರಾಯಿತು. ಆ ಗೀರೂ ಮೇಲಕ್ಕೇ ಹೊರಟಿತ್ತು! ಉಂಗುರ ಮಾಡಲು ಹೋಗಿ, ಕೈ ಬಾರದೆ, ಅಷ್ಟಕ್ಕೇ ನಿಂತಿತ್ತು. ಗವಿಸಿದ್ದಪ್ಪ ಸರ್ ಎದ್ದು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡತೊಡಗಿದರು. "ಬಿಟ್ಟಿಲ್ಲ ನೋಡ್ರಿ ಅಂವ, ಬಿಟ್ಟಿಲ್ಲ!" ಎಂದು ಅಷ್ಟನ್ನೇ ಹೇಳುತ್ತಿದ್ದರು. ನೀಲಮ್ಮನವರು ಏನಾಯಿತೆಂದು ಕೇಳಿ ತಿಳಿದುಕೊಂಡು, ಇಬ್ಬರ ಕೈಯಲ್ಲೂ ಬೆಲ್ಲದ ತುಂಡು ಇಟ್ಟರು.

ಮಾರ್ಗದರ್ಶಕರ ಬಳಿ ಇಬ್ಬರೂ ಹೋದೆವು. ಅವರು ನಮ್ಮ ಟ್ರೇಸಿಂಗ್ ಹಾಳೆಗಳನ್ನು ಸಮಾಧಾನದಿಂದ ನೋಡಿದರು. ಬಯ್ಯಲಿಲ್ಲ, ಹೊಗಳಲೂ ಇಲ್ಲ.

"ಛಲೋ ಐತಿ. ಆದ್ರ ಒಂದ್ ಮಾತು. ಈ ಉಂಗುರ ಆ ಸೀಮ್ಯಾಗ ಎಲ್ಲಾರೂ ಹಾಕ್ತಿದ್ರೋ, ಇವನೊಬ್ಬನ ಹಾಕ್ತಿದ್ನೋ? ಒಬ್ಬ ಅಯ್ನೋರ ಮಠದಾಗ ಅಕ್ಷರ ಕಲ್ತವರು ಎಲ್ಲಾ ಒಂದ ನಮೂನಿ ಬರೀತಾರ. ರೇಫಕ್ಕ ಹಾಕೋ ಅರ್ಕಾವೊತ್ತನ್ನ ಸಾಲಿನ ಮ್ಯಾಲೆ ಏರಸ್ಯಾನ ಅಂತ ಬರದೀರಿ. ಅದೂ ಹಂಗ. ಬ್ಯಾರೆ ಕಟ್ಟು ನೋಡಿ ಬರ್ರಿ."

ಸರಿಯಾದ ಮಾತು. ಅಲ್ಲಿಂದ ಶುರುವಾದ ನಮ್ಮ ತಿರುಗಾಟ ಆ ಚಳಿಗಾಲವನ್ನೆಲ್ಲ ತಿಂದಿತು. ಯಲಬುರ್ಗಾ ಕಡೆಯ ಹಳ್ಳಿಗಳು, ತಾವರಗೇರಾದ ಬೇರೆ ಮನೆಗಳು, ಕೊಪ್ಪಳದ ಸುತ್ತಮುತ್ತ. ಎಲ್ಲಿ ಓಲೆಗರಿ ಇದೆ ಎಂದು ಕೇಳಿದರೂ ಅಲ್ಲಿಗೆ. ಕೆಲವರು ಮಜ್ಜಿಗೆ ಕೊಟ್ಟು ಕೂರಿಸಿದರು. ಒಬ್ಬರು ನಾವು ನಿಧಿ ಹುಡುಕುವವರೆಂದು ತಿಳಿದು ಬಾಗಿಲು ಹಾಕಿಕೊಂಡರು. ಉಂಗುರ ಸಿಗಬಾರದು ಎಂದು ಬೇಡಿಕೊಳ್ಳುತ್ತ ಉಂಗುರವನ್ನೇ ಹುಡುಕುವುದು ಎಂಥ ಕೆಲಸ! ಅರ್ಕಾವೊತ್ತು ಎಲ್ಲರಲ್ಲೂ ಮೇಲೆ ಏರಿತ್ತು. ಪ್ರೊಫೆಸರ್ ಹೇಳಿದ್ದು ನಿಜ, ಅದನ್ನು ಹೊಡೆದುಹಾಕಿದೆವು. ಉಂಗುರ ಮಾತ್ರ ಎಲ್ಲೂ ಇಲ್ಲ.

ಕಿನ್ನಾಳದಲ್ಲಿ ನಮ್ಮ ಜೀವ ಬಾಯಿಗೆ ಬಂತು. ಗೊಂಬೆ ಮಾಡುವವರೊಬ್ಬರ ಮನೆ. ಅರ್ಧ ಬಣ್ಣ ಬಳಿದ ಗೌರಿಯರು, ಆನೆಗಳು ಸಾಲಾಗಿ ಒಣಗುತ್ತಿದ್ದವು. ಅವರು ತಂದ ಕಟ್ಟಿನ ಮೂರನೆಯ ಗರಿಯಲ್ಲೇ ಳ ಬಾಲಕ್ಕೆ ಉಂಗುರ! ಸರ್ ಬೆವರಿದರು. ನಾನು ಭೂತಗನ್ನಡಿ ಹಿಡಿದು ಆ ಒಂದೇ ಅಕ್ಷರವನ್ನು ಮತ್ತೆ ಮತ್ತೆ ನೋಡಿದೆ. ಮನೆಯ ಯಜಮಾನರು ನಮ್ಮ ಅವಸ್ಥೆ ನೋಡಿ, "ಯಾಕ್ರೀ, ಅದರಾಗ ಏನರ ಕೆಟ್ಟದ್ದು ಬರದೈತೇನು?" ಎಂದು ಗಾಬರಿಯಾದರು. ಗರಿಯನ್ನು ಅಂಗಳದ ಬಿಸಿಲಿಗೆ ಒಯ್ದು ಎತ್ತಿ ಹಿಡಿದೆ. ಉಂಗುರದ ನಡುವಿನಿಂದ ಬೆಳಕು ತೂರಿ ಬಂತು. ಹುಳ ಕೊರೆದ ತೂತು! ನಾನೂ ಸರ್ ಅವರೂ ಅಂಗಳದಲ್ಲಿ ನಿಂತು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಯಜಮಾನರು ಏನೂ ತಿಳಿಯದೆ ತಾವೂ ನಕ್ಕರು.

ಎರಡನೆಯ ಸಲ ಹೋದಾಗ ಮಾರ್ಗದರ್ಶಕರು ಹಾಳೆಗಳ ಮುಂದೆ ಕೂತವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಉಂಗುರ, ಅದರ ಜೊತೆಗೆ ನಾವು ತಿರುಗಾಟದಲ್ಲಿ ಗುರುತಿಸಿದ್ದ ಬಾಯಿ ತೆರೆದ ಮ, ಗರಿಗೆ ದಾರ ಪೋಣಿಸುವ ತೂತಿನ ಸುತ್ತ ಬಿಡುವ ಜಾಗ, ಇವು ಮೂರೂ ನಮ್ಮ ಎರಡು ಕಟ್ಟುಗಳಲ್ಲಿ ಬಿಟ್ಟು ಬೇರೆಲ್ಲೂ ಒಟ್ಟಿಗೆ ಇರಲಿಲ್ಲ. ಅಬ್ಬಾ ಬಲಗೈಯಿಂದ ಬರೆದ ಹಳೆಯ ಬೋರ್ಡಿನ ಫೋಟೋ, ಎಡಗೈಯಿಂದ ಬರೆದ ಪಾಟಿಯ ಫೋಟೋ ಎರಡನ್ನೂ ನಾನು ಪಕ್ಕದಲ್ಲಿಟ್ಟಿದ್ದೆ. ಅವರು ಅವನ್ನು ಎತ್ತಿ ಪಕ್ಕ ಪಕ್ಕ ಹಿಡಿದು ನೋಡಿದರು.

"ಅವನ ಬಲಗೈಗೆ ಏನಾಗಿತ್ತು ಅಂತ ನಮಗ ಗೊತ್ತಾಗಂಗಿಲ್ಲ," ಅಂದರು. "ನೂರಕ್ಕ ನೂರು ಅಂತಾನೂ ನಾ ಅನ್ನಂಗಿಲ್ಲ. ಆದ್ರ ಗವಿಸಿದ್ದಪ್ಪ, ಎರಡು ಕೈ ಅಂತ ನಾ ಅಂದಿದ್ನಲ್ಲ, ಆ ಮಾತು ಹಿಂದಕ್ಕ ತಗೊಂಡೆ. ಪೂರ್ತಿ ಕಾವ್ಯ ಸಂಪಾದನಿ ಮಾಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ತಂದಿಯವರು ಈಗ ಹೆಂಗದಾರ?" ಎಂದು ಕೇಳಿದರು.

ಅಬ್ಬಾ ಆಗ ಪಾಟಿ ಬಿಟ್ಟು ಕುಂಚಕ್ಕೆ ಬಂದಿದ್ದರು. ತಮ್ಮ ಹಾಗೇ ಯಾರೋ ಒಬ್ಬ ಎಂದೋ ಎಡಗೈಯಿಂದ ಬರೆದಿದ್ದ ಎಂದು ನಾನು ಅವರಿಗೆ ಹೇಳಿದ್ದೆ. ಮರುದಿನವೇ, ಅಮ್ಮಿ ಯಾರಿಗೂ ಕೊಡದೆ ಎತ್ತಿಟ್ಟಿದ್ದ ಕುಂಚ ತೊಳೆಯಲು ಅವಳಿಂದಲೇ ಟರ್ಪಂಟೈನ್ ತರಿಸಿದ್ದರಂತೆ. ಮೊದಲು ಬರೆದದ್ದು ನಮ್ಮ ಮನೆ ಎದುರಿನ ಹಿಟ್ಟಿನ ಗಿರಣಿಯ ಬೋರ್ಡು. ಗಿರಣಿಯವರು ಬೇಡವೆನ್ನಲಾರದೆ ಕೊಟ್ಟ ಕೆಲಸ. ಅಕ್ಷರ ಸ್ವಲ್ಪ ವಾಲಿತ್ತು. ಜನ ಇದು ಹೊಸ ನಮೂನೆ ಎಂದುಕೊಂಡರು.

ಬೇವೂರಿನ ಕಪ್ಪು ಎರಿ ಹೊಲಗಳಲ್ಲಿ ಜೋಳ ಹಾಲುತುಂಬಿ, ಎಳೆ ತೆನೆಗಳ ಸೀತನಿ ಸುಡುವ ದಿನಗಳು ಬಂದಾಗ ನೀಲಮ್ಮನವರು ಹೇಳಿ ಕಳಿಸಿದರು. "ನನ್ನ ಕಟ್ಟು ಹೊಸ್ತಿಲಾ ದಾಟಂಗಿಲ್ಲ. ತಾವರಗೇರಿದ್ದು ಇಲ್ಲಿಗೆ ತರ್ರಿ. ಮೊದಲಿಂದ ಕಡೀತನಕ ನನಗ ಓದಿ ಹೇಳ್ರಿ." ಶರಣಪ್ಪನವರು ತಮ್ಮ ಕಟ್ಟನ್ನು ಯಾರ ಕೈಗೂ ಕೊಡದೆ, ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಅಬ್ಬಾನೂ ಹಟ ಮಾಡಿ ಬಂದಿದ್ದರು. ನೀಲಮ್ಮನವರು ಅವರಿಗೆ ಮನೆಯಲ್ಲಿದ್ದ ಒಂದೇ ಕುರ್ಚಿ ಹಾಕಿಸಿ, "ಕೂಡ್ರಿ ಅಣ್ಣಾರ" ಅಂದರು. ಓಣಿಯ ಹೆಂಗಸರು ಸೀತನಿ, ಶೇಂಗಾ ಚಟ್ನಿ, ಬೆಲ್ಲ ತಂದು ಸುತ್ತ ಕೂತರು.

"ಮಾಸ್ತರ, ಅವನ ಕೈ ಎಲ್ಲಿ ಬದಲಾಗತೈತಿ, ಅಲ್ಲಿ ನಿಂದ್ರಿಸಿ ನನಗ ಹೇಳಬೇಕು," ಅಂದರು ನೀಲಮ್ಮ.

"ಆತ್ರಿ ಯವ್ವಾ."

ಸರ್ ರಾಗ ಎಳೆದು ಓದತೊಡಗಿದರು. ಅವರಿಗೆ ಇಂಥ ದನಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಶರಣ ಹುಟ್ಟಿದ, ದನ ಕಾಯ್ದ, ಮದುವೆಯಾದ, ಹೆಂಡತಿಯೊಡನೆ ಜಗಳಾಡಿದ, ಒಂದು ದಿನ ಹೊಸ್ತಿಲು ದಾಟಿ ನಡೆದ. ನಾನು ಗರಿಗಳನ್ನು ಒಂದೊಂದಾಗಿ ತೆಗೆದು ಅವರ ಕೈಗೆ ಕೊಡುತ್ತಿದ್ದೆ. ತಾವರಗೇರಾದ ಕಟ್ಟಿನ ಕೊನೆಯ ಗರಿ ಕೊಟ್ಟೆ. ಬೇವೂರಿನ ಕಟ್ಟಿನ ಮೊದಲ ಗರಿ ಕೊಟ್ಟೆ. ಶರಣ ಬೆಟ್ಟ ಹತ್ತುತ್ತಿದ್ದ, ಹಿಂದೆ ಹೆಂಡತಿ ಬುತ್ತಿ ಹೊತ್ತು ಓಡಿ ಬರುತ್ತಿದ್ದಳು. ಸರ್ ದನಿ ಏರಿತು. ಅವಳು ಬಂದು ಮುಟ್ಟಿದಳು. ಇಬ್ಬರೂ ಒಂದು ಬಂಡೆಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದರು. ನೀಲಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, ಆಗ ನೆನಪಾಗಿ, ಮುಂದೆ ಬಾಗಿದರು.

"ಮಾಸ್ತರ, ಕೈ ಬದಲಾಗೋ ಜಾಗಾ ಇನ್ನೂ ಬಂದಿಲ್ಲೇನು?"

ಸರ್ ತಲೆಯೆತ್ತಿದರು. ಕೈಯಲ್ಲಿದ್ದ ಗರಿಯನ್ನು ನೋಡಿದರು, ಕುರ್ಚಿಯಲ್ಲಿದ್ದ ಅಬ್ಬಾನನ್ನು ನೋಡಿದರು.

"ಅದನ್ನ ಆಗಳೇ ದಾಟಿ ಬಂದೀವ್ರಿ ಯವ್ವಾ. ನನಗೂ ಗೊತ್ತಾಗಲಿಲ್ಲ."

"ಹಂಗಾರ ನಿಂದ್ರಬ್ಯಾಡ್ರಿ," ಅಂದರು ನೀಲಮ್ಮ, "ಮುಂದ ಓದ್ರಿ."